ಚೆಲ್ಲೋ ಮೊದಲೇ ಹೇಳಿಬಿಟ್ಟ ಗುಟ್ಟು: ಒಂದು ಥ್ರಿಲ್ಲರ್ ಚಿತ್ರದ ಹಿನ್ನೆಲೆ ಸಂಗೀತದ ಪ್ರಕರಣ

ಇದು ಮುಂಬೈಯಲ್ಲಿ ತಯಾರಾದ ಒಂದು ಸಣ್ಣ ಬಜೆಟ್ಟಿನ ಕನ್ನಡ ಥ್ರಿಲ್ಲರ್ ಚಿತ್ರದ ಪ್ರಕರಣ. ಚಿತ್ರದ ಹೆಸರನ್ನಾಗಲಿ, ಅದರಲ್ಲಿ ಕೆಲಸ ಮಾಡಿದವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕಥೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ನಾನು ಈ ಚಿತ್ರದ ಮ್ಯೂಸಿಕ್ ಎಡಿಟರ್. ಯಾವ ಸಂಗೀತ ಯಾವ ಫ್ರೇಮಿನಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ನಿರ್ದೇಶಕರ ಜೊತೆಗೂ ಸಂಗೀತ ನಿರ್ದೇಶಕರ ಜೊತೆಗೂ ಕೂತು ನೋಡಿಕೊಳ್ಳುವುದು ನನ್ನ ಕೆಲಸ. ನಾವು ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದು. ಹಾಗಾಗಿ ಪೂರ್ತಿಯಾಗಿ ಬರೆದಿಡೋಣ ಅನ್ನಿಸಿತು.

ಕಥೆ ಮತ್ತು ಅದರ ಮೊದಲ ಸಂಗೀತ

ಕಥೆ ನಡೆಯುವುದು ಮಾಟುಂಗದ ಒಂದು ಹಳೆ ಕಟ್ಟಡದಲ್ಲಿ. ನಾಲ್ಕು ಮಹಡಿ, ಜಾಲರಿ ಬಾಗಿಲಿನ ಲಿಫ್ಟು, ಮೆಟ್ಟಿಲ ಹತ್ತಿರ ಒಂದೇ ಒಂದು ಟ್ಯೂಬ್‌ಲೈಟು. ಊರಿಂದ ಬಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗ ಒಂದು ರಾತ್ರಿ ಕಾಣೆಯಾಗುತ್ತಾನೆ. ಅವನ ಅಕ್ಕ ಹುಡುಕಿಕೊಂಡು ಬರುತ್ತಾಳೆ. ಮೇಲಿನ ಮನೆಯ ಹಿರಿಯರೊಬ್ಬರು ಅವಳಿಗೆ ಆಸರೆಯಾಗುತ್ತಾರೆ. ಡಬ್ಬಿಯಲ್ಲಿ ಊಟ ಕಳಿಸುತ್ತಾರೆ, ಪೊಲೀಸ್ ಸ್ಟೇಷನ್ನಿಗೆ ಜೊತೆಗೆ ಹೋಗುತ್ತಾರೆ. ಅವಳು ಅವರನ್ನು ಮಾವ ಅಂತ ಕರೆಯುತ್ತಾಳೆ. ಹುಡುಗನನ್ನು ಕೊಂದವರು ಅವರೇ ಅಂತ ಕೊನೆಗೆ ಗೊತ್ತಾಗುತ್ತದೆ. ಎಡಿಟ್ ರೂಮಿನಲ್ಲಿ ನಾವು ಈ ಇಬ್ಬರನ್ನು ಅಕ್ಕ, ಮಾವ ಅಂತಲೇ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ನಿರ್ದೇಶಕರು ಕರಾವಳಿಯವರು. ಮುಂಬೈಗೆ ಬಂದು ಬಹಳ ವರ್ಷವಾದರೂ ಅವರ ಭಯದ ಲೆಕ್ಕ ಯಕ್ಷಗಾನದ್ದು. ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ, ಬರುವ ಮುಂಚೆ ಚಂಡೆ ಹೇಗೆ ಏರುತ್ತದೆ, ದೂರದಿಂದ ಆರ್ಭಟ ಕೇಳಿದ ಕೂಡಲೇ ಚಾಪೆ ಮೇಲೆ ಮಲಗಿದ್ದ ಮಕ್ಕಳು ಹೇಗೆ ಎದ್ದು ಕೂರುತ್ತಾರೆ ಅಂತ ಆಗಾಗ ಹೇಳುತ್ತಿದ್ದರು. “ಭಯ ಅಂದ್ರೆ ಅದು ಮಾರಾಯ. ನನ್ನ ಪಿಕ್ಚರಿಗೆ ಅಂಥದ್ದು ಬೇಕು. ಆದ್ರೆ ಚಂಡೆಯಲ್ಲಿ ಅಲ್ಲ, ಆರ್ಕೆಸ್ಟ್ರಾದಲ್ಲಿ.”

ಸಂಗೀತ ನಿರ್ದೇಶಕರು ಬೆಂಗಳೂರಿನವರು, ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಗಟ್ಟಿ. ಮೊದಲ ಕರಡನ್ನು ಪೂರ್ತಿ ಕಂಪ್ಯೂಟರಿನಲ್ಲಿ, ಸ್ಯಾಂಪಲ್ ಮಾಡಿದ, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ತಂತಿ ವಾದ್ಯಗಳ ಸದ್ದಿನಲ್ಲಿ ಕಟ್ಟಿದರು. ಮಾವನಿಗೆ ಒಂದು ಥೀಮ್ ಕೊಟ್ಟರು. ಎರಡು ಚೆಲ್ಲೋ, ಒಂದು ಡಬಲ್ ಬೇಸ್. ಎರಡೂ ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯಗಳು. ನಾಲ್ಕೇ ಸ್ವರ, ಮೆಲ್ಲಗೆ ಏರಿ ಇಳಿಯುತ್ತದೆ. ಅದರ ಮೇಲೆ ವಯಲಿನ್‌ಗಳು ಒಂದಕ್ಕೊಂದು ಅಂಟಿಕೊಂಡ ಎರಡು ಸ್ವರ ಹಿಡಿದಿರುತ್ತವೆ. ಕರ್ನಾಟಕ ಸಂಗೀತ ಕಲಿತವರು ಇದನ್ನು ಸುಲಭವಾಗಿ ಊಹಿಸಬಹುದು. ಷಡ್ಜ ಮತ್ತು ಶುದ್ಧ ರಿಷಭವನ್ನು ಒಟ್ಟಿಗೆ ಎಳೆದರೆ ಕಿವಿಗೆ ಒಂದು ಒರಟು ನಡುಕ ಸಿಗುತ್ತದಲ್ವಾ, ಅದೇ. 440 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 440 ಸಲ ಕಂಪಿಸುವ ಸ್ವರದ ಪಕ್ಕ ಅರ್ಧ ಸ್ವರ ಮೇಲಿನದ್ದು, ಅಂದರೆ ಸುಮಾರು 466 ಹರ್ಟ್ಸ್‌ನದು ನಿಂತರೆ, ಎರಡೂ ಸೇರಿ ಸೆಕೆಂಡಿಗೆ 26 ಸಲ ಉಬ್ಬಿ ತಗ್ಗುತ್ತವೆ. ಅಷ್ಟು ಬೇಗ ಬಡಿಯುವಾಗ ಕಿವಿ ಅದನ್ನು ಲಯ ಅಂತ ಹಿಡಿಯುವುದಿಲ್ಲ, ಕಿರಿಕಿರಿ ಅಂತ ಹಿಡಿಯುತ್ತದೆ.

ಮಾವನ ಥೀಮ್ ಕೇಳಿದಾಗ ಹೊಟ್ಟೆಯೊಳಗೆ ಏನೋ ಕದಲಿದ ಹಾಗಾಗುತ್ತಿತ್ತು. ನಮಗೆಲ್ಲ ತುಂಬಾ ಇಷ್ಟವಾಯಿತು. ಅದೇ ಖುಷಿಯಲ್ಲಿ ಅವರು ಬಾಗಿಲಿಗೆ ಬಂದಾಗಲೆಲ್ಲ ಅದನ್ನು ಹಾಕಿದೆವು. 118 ನಿಮಿಷದ ಚಿತ್ರದಲ್ಲಿ 74 ನಿಮಿಷ ಸಂಗೀತ ಇತ್ತು.

ಉಪನಗರದ ಹಾಲಿನಲ್ಲಿ ಆದದ್ದು

ಕರಡು ಸಂಗೀತದ ಜೊತೆ ಚಿತ್ರವನ್ನು ಒಂದು ಉಪನಗರದ ಹಾಲಿನಲ್ಲಿ 22 ಜನರಿಗೆ ತೋರಿಸಿದೆವು. ಹೆಚ್ಚಿನವರು ಮುಂಬೈ ಕನ್ನಡಿಗರು: ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜು ಹುಡುಗರು. ಚಿತ್ರ ಮುಗಿದ ಮೇಲೆ ಒಂದೇ ಪ್ರಶ್ನೆಯ ಚೀಟಿ ಕೊಟ್ಟೆವು. ಯಾರ ಮೇಲೆ ಅನುಮಾನ ಬಂತು, ಎಲ್ಲಿ ಬಂತು?

17 ಚೀಟಿಯಲ್ಲಿ ಮಾವ. ಅದರಲ್ಲೂ ಹೆಚ್ಚಿನವರಿಗೆ ಇಂಟರ್‌ವಲ್‌ಗೂ ಮುಂಚೆಯೇ ಗೊತ್ತಾಗಿತ್ತು.

ನಿರ್ದೇಶಕರು ಕುಗ್ಗಿಹೋದರು. ಚಿತ್ರಕಥೆಯಲ್ಲೇ ತಪ್ಪಿದೆ, ಎರಡು ದೃಶ್ಯ ಮತ್ತೆ ಶೂಟ್ ಮಾಡಬೇಕು ಅನ್ನುವ ತನಕ ಮಾತು ಹೋಯಿತು. ಅಷ್ಟರಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ ಒಬ್ಬರು ಹಿರಿಯ ಹೆಂಗಸು ನನ್ನ ಹತ್ತಿರ ಬಂದು ಹೇಳಿದರು: “ಅಲ್ಲ ಮಾರಾಯ್ರೆ, ಆ ಮನುಷ್ಯ ಬಾಗಿಲಲ್ಲಿ ನಿಂತ ಕೂಡಲೇ ಪಿಟೀಲು ಮುಲುಗ್ತದಲ್ಲ. ಪಾಪ, ಅವ ಸಾಂಬಾರು ಕೊಡ್ಲಿಕ್ಕೆ ಬಂದದ್ದು. ಸಾಂಬಾರಿಗೆ ಯಾರಾದ್ರೂ ಹಾಗೆ ಪಿಟೀಲು ಬಾರಿಸ್ತಾರಾ? ಅವನೇ ಅಂತ ಆಗಲೇ ಗೊತ್ತಾಯ್ತು.”

ಈ ಮಾತು ಸಿಕ್ಕಿದ್ದರಿಂದ ನಮ್ಮ ಎಡಿಟರ್ ಒಂದು ಒಳ್ಳೆ ಕೆಲಸ ಮಾಡಿದರು. ಮರುದಿನ ಮೊದಲ 30 ನಿಮಿಷವನ್ನು ಸಂಗೀತವೇ ಇಲ್ಲದೆ, ಚಿತ್ರ ನೋಡಿರದ ಐದು ಜನರಿಗೆ ತೋರಿಸಿದರು. ಒಬ್ಬರೂ ಮಾವನ ಹೆಸರೆತ್ತಲಿಲ್ಲ. ಕಥೆಯಲ್ಲಿ ತೊಂದರೆ ಇರಲಿಲ್ಲ. ಗುಟ್ಟು ಬಿಟ್ಟುಕೊಡುತ್ತಿದ್ದದ್ದು ಚೆಲ್ಲೋ. ರೀಶೂಟ್ ಖರ್ಚು ಅಲ್ಲಿಗೆ ಉಳಿಯಿತು. ಇಂಥ ಪರಿಸ್ಥಿತಿಯಲ್ಲಿ ಇರುವವರು ಬೇರೆ ಏನು ಮಾಡದಿದ್ದರೂ ಈ ಒಂದು ಪರೀಕ್ಷೆ ಮಾಡಿ. ಅರ್ಧ ದಿನದ ಕೆಲಸ.

ಎರಡು ಸಲ ಎಡವಿದೆವು

ಮೊದಲು ಸುಲಭದ ದಾರಿ ಹಿಡಿದೆವು. ಮಾವ ಬರುವ ದೃಶ್ಯಗಳಿಂದ ಸಂಗೀತವನ್ನು ಪೂರ್ತಿ ತೆಗೆದೆವು. ಉಳಿದ ಕಡೆ ಹಾಗೇ ಬಿಟ್ಟೆವು. ಮೂರು ಜನಕ್ಕೆ ತೋರಿಸಿದರೆ ಒಬ್ಬ ಕಾಲೇಜು ಹುಡುಗ ತಕ್ಷಣ ಹಿಡಿದ. “ಅವರು ಬಂದಾಗ ಮಾತ್ರ ಮ್ಯೂಸಿಕ್ ಬಂದ್ ಆಗುತ್ತಲ್ವಾ ಸರ್? ಏನೋ ಇದೆ ಅನ್ನಿಸ್ತು.” ಸುತ್ತಲೂ ತಂತಿಗಳು ನುಡಿಯುತ್ತಿರುವಾಗ ಒಬ್ಬನ ಸುತ್ತ ಮಾತ್ರ ಮೌನ ಇಟ್ಟರೆ, ಆ ಮೌನವೂ ಬೆರಳು ತೋರಿಸುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಥೀಮನ್ನು ಎತ್ತಿ ಕಟ್ಟಡದ ವಾಚ್‌ಮನ್ ಮೇಲೆ ಹಾಕಿದೆವು. ಅವನು ಕತ್ತಲೆಯಲ್ಲಿ ಬೀಡಿ ಸೇದುತ್ತಾ ನಿಲ್ಲುತ್ತಾನೆ, ಕಣ್ಣು ಸ್ವಲ್ಪ ಕೆಂಪು. ಅನುಮಾನ ಚೆನ್ನಾಗಿಯೇ ಅವನ ಮೇಲೆ ಹೋಯಿತು. ಆದರೆ ಕೊನೆಯಲ್ಲಿ ಸತ್ಯ ಗೊತ್ತಾದಾಗ ನೋಡಿದವರ ಮುಖದಲ್ಲಿ ಬೆಚ್ಚಿದ ಕಳೆ ಇರಲಿಲ್ಲ, ಸಿಟ್ಟಿತ್ತು. ವಾಚ್‌ಮನ್ ಏನೂ ಮಾಡಿರಲಿಲ್ಲ. ಸಂಗೀತ ಸುಳ್ಳು ಹೇಳಿತ್ತು. ಕಥೆಯ ಪಾತ್ರ ಸುಳ್ಳು ಹೇಳಿದರೆ ಪ್ರೇಕ್ಷಕರು ಒಪ್ಪುತ್ತಾರೆ, ಮೆಚ್ಚುತ್ತಾರೆ ಕೂಡ. ಹಿನ್ನೆಲೆ ಸಂಗೀತ ಸುಳ್ಳು ಹೇಳಿದರೆ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಅದನ್ನು ಅವರು ಯಾರದೋ ಮಾತು ಅಂತ ಕೇಳುವುದಿಲ್ಲ, ಚಿತ್ರದ ಮಾತು ಅಂತಲೇ ಕೇಳುತ್ತಾರೆ.

ಜನರನ್ನು ತಿನ್ನುವ ಶಾರ್ಕ್ ಮೀನಿನ ಕಥೆಯಾದ 1975ರ ‘ಜಾಸ್’ ಚಿತ್ರ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ನೋಡಿ. ಜಾನ್ ವಿಲಿಯಮ್ಸ್ ಅವರ ಆ ಎರಡು ಸ್ವರದ ಥೀಮ್ ಶಾರ್ಕ್ ನಿಜವಾಗಿ ಹತ್ತಿರ ಇದ್ದಾಗ ಬರುತ್ತದೆ. ಇಬ್ಬರು ಹುಡುಗರು ಶಾರ್ಕಿನ ಬೆನ್ನಿನ ಈಜುರೆಕ್ಕೆಯಂಥ ರಟ್ಟಿನ ತುಂಡು ಇಟ್ಟುಕೊಂಡು ಈಜಿ ಜನರನ್ನು ಹೆದರಿಸುವ ದೃಶ್ಯದಲ್ಲಿ ಅದು ಇಲ್ಲ. ಇನ್ನೂ ಹಳೆಯದು, 1931ರ ಫ್ರಿಟ್ಸ್ ಲಾಂಗ್ ಅವರ ‘ಎಂ’. ಅಲ್ಲಿ ಕೊಲೆಗಾರ ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ಧಾಟಿಯನ್ನು ಶಿಳ್ಳೆ ಹಾಕುತ್ತಾನೆ. ಬಲೂನು ಮಾರುವ ಕುರುಡ ಅದೇ ಶಿಳ್ಳೆಯಿಂದ ಅವನ ಗುರುತು ಹಿಡಿಯುತ್ತಾನೆ. ಎರಡರಲ್ಲೂ ಧಾಟಿ ಅಂದರೆ ಆಸಾಮಿ ಯಾರು ಅನ್ನುವುದರ ರುಜು. ಯಕ್ಷಗಾನದ ಚಂಡೆಯೂ ಹಾಗೇ. ಬಣ್ಣದ ವೇಷ ಬರುವಾಗ ಅದು ಏನನ್ನೂ ಮುಚ್ಚಿಡುವುದಿಲ್ಲ, ರಕ್ಕಸ ಬಂದ ಅಂತ ಊರಿಗೆಲ್ಲ ಸಾರುತ್ತದೆ. ಅಲ್ಲಿ ಭಯ ಇರುವುದು ಯಾರು ಅನ್ನುವುದರಲ್ಲಿ ಅಲ್ಲ, ಯಾವಾಗ ಅನ್ನುವುದರಲ್ಲಿ. ನಮ್ಮದು ಯಾರು ಅನ್ನುವ ಕಥೆ. ಅದಕ್ಕೆ ನಾವು ಯಾವಾಗ ಅನ್ನುವ ಕಥೆಯ ಸಂಗೀತ ಕಟ್ಟಿದ್ದೆವು.

ಇದನ್ನು ನಿರ್ದೇಶಕರಿಗೆ ಚಂಡೆಯ ಉದಾಹರಣೆ ಕೊಟ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದ ಪ್ರಶ್ನೆಯಿಂದಲೇ ಕೆಲಸ ದಾರಿಗೆ ಬಂತು. “ಹಾಗಾದ್ರೆ ನಮ್ಮ ಸಂಗೀತ ಯಾರ ಪಕ್ಕ ಕೂತಿರ್ಬೇಕು ಮಾರಾಯ?”

ಅಕ್ಕನ ಪಕ್ಕ. ಅವಳಿಗೆ ಗೊತ್ತಿದ್ದಷ್ಟೇ ಸಂಗೀತಕ್ಕೂ ಗೊತ್ತಿರಬೇಕು. ಅವಳು ಮಾವನನ್ನು ನಂಬಿದ್ದಾಳೆ ಅಂದಮೇಲೆ ಆ ದೃಶ್ಯದಲ್ಲಿ ಸಂಗೀತವೂ ನಂಬಬೇಕು. ಅವಳಿಗೆ ಆ ಮೆಟ್ಟಿಲು, ಆ ಲಿಫ್ಟು, ಆ ಟ್ಯೂಬ್‌ಲೈಟ್ ಕಂಡರೆ ಭಯ. ಹಾಗಾದರೆ ಚೆಲ್ಲೋ ಅಲ್ಲಿರಬೇಕು, ಮನುಷ್ಯರ ಮೇಲೆ ಅಲ್ಲ.

ಟ್ಯೂಬ್‌ಲೈಟಿನ ಕೆಳಗೆ

ಇಲ್ಲಿಂದ ಮುಂದಿನದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು.

ಹಳೆ ಚೋಕ್ ಇರುವ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತದಲ್ಲ, ಅದಕ್ಕೂ ಒಂದು ಶ್ರುತಿ ಇದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಚೋಕಿನ ಗುಂಯ್‌ಗುಡುವಿಕೆ ಅದರ ಎರಡರಷ್ಟು, 100 ಹರ್ಟ್ಸ್. ಚೆಲ್ಲೋದ ನಾಲ್ಕು ತಂತಿಗಳಲ್ಲಿ ತಗ್ಗು ಸ್ವರದ ಕಡೆಯಿಂದ ಎರಡನೆಯದು ಜಿ ಅನ್ನುವ ಸ್ವರದ್ದು. ಬೆರಳು ಒತ್ತದೆ ನುಡಿಸಿದರೆ 98 ಹರ್ಟ್ಸ್. ಎರಡೂ ಬಹುತೇಕ ಒಂದೇ, ಆದರೆ ಪೂರ್ತಿ ಒಂದಲ್ಲ. ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಸಲ ಒಂದು ಅಲೆ ಬರುತ್ತದೆ. ಉಸಿರಾಡಿದ ಹಾಗೆ.

ಇದನ್ನು ಕಂಡುಹಿಡಿದದ್ದು ನಮ್ಮ ಸೌಂಡ್ ಡಿಸೈನರ್. ಮೆಟ್ಟಿಲ ಹತ್ತಿರದ ಟ್ಯೂಬ್‌ಲೈಟಿನ ಸದ್ದನ್ನು ಲೊಕೇಶನ್ನಿನಲ್ಲೇ ಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದರು. ಸಂಗೀತ ನಿರ್ದೇಶಕರು ಅದರ ಮೇಲೆ ಚೆಲ್ಲೋ ಎಳೆದು ಕೇಳಿಸಿದಾಗ ರೂಮಿನಲ್ಲಿದ್ದ ನಾಲ್ಕೂ ಜನ ತಲೆ ಎತ್ತಿದೆವು. ಸಂಗೀತ ಎಲ್ಲಿ ಶುರುವಾಯಿತು ಅಂತ ನಮಗೇ ಗೊತ್ತಾಗಲಿಲ್ಲ. ಅಕ್ಕ ಮೆಟ್ಟಿಲು ಹತ್ತುತ್ತಾಳೆ, ಟ್ಯೂಬ್‌ಲೈಟ್ ಗುಂಯ್‌ಗುಡುತ್ತದೆ, ಎಲ್ಲ ಮಾಮೂಲಿ. ನಾಲ್ಕನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಆ ಸದ್ದಿಗೆ ಜೀವ ಬಂದಿರುತ್ತದೆ. ಥ್ರಿಲ್ಲರಿನಲ್ಲಿ ಸಂಗೀತ ಶುರುವಾದದ್ದು ಪ್ರೇಕ್ಷಕರಿಗೆ ಗೊತ್ತಾದರೆ ಅವರು ಎಚ್ಚರವಾಗುತ್ತಾರೆ, ಕುರ್ಚಿ ಹಿಡಿದುಕೊಳ್ಳುತ್ತಾರೆ. ಗೊತ್ತಾಗದಿದ್ದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಒಂದು ತೊಂದರೆ ಇತ್ತು. ಫೋನಿನ ಸ್ಪೀಕರಿನಲ್ಲಿ 98 ಹರ್ಟ್ಸ್ ಬರುವುದೇ ಇಲ್ಲ. ಈಗ ಎಷ್ಟೋ ಜನ ಚಿತ್ರ ನೋಡುವುದು ಫೋನಿನಲ್ಲಿ. ಅದಕ್ಕೆ ಚೆಲ್ಲೋ ಮೇಲೆ ವಯಲಿನ್ನಿಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾವನ್ನು, ಒಂದು ಸ್ಥಾಯಿ ಮೇಲಿನ ಜಿ ಸ್ವರದಲ್ಲಿ, 196 ಹರ್ಟ್ಸ್‌ನಲ್ಲಿ ತೀರಾ ಮೆಲ್ಲಗೆ ಇಟ್ಟೆವು. ಥಿಯೇಟರಿನಲ್ಲಿ ಅದು ಇದೆ ಅಂತಲೇ ಅನ್ನಿಸುವುದಿಲ್ಲ. ಫೋನಿನಲ್ಲಿ ಕೆಲಸ ಮಾಡುತ್ತದೆ.

ಒಂದು ಶಿಫ್ಟು, 14 ಜನ

ಸ್ಯಾಂಪಲ್ ಸಾಕಾ, ನಿಜವಾದ ವಾದಕರು ಬೇಕಾ ಅನ್ನುವ ಚರ್ಚೆ ಎರಡು ವಾರ ನಡೆಯಿತು. ನಿರ್ಮಾಪಕರು ಕೊನೆಗೆ ಒಂದು ಶಿಫ್ಟಿಗೆ, ಅಂದರೆ ನಾಲ್ಕು ಗಂಟೆಗೆ ದುಡ್ಡು ಕೊಟ್ಟರು. ಎಂಟು ವಯಲಿನ್, ಮೂರು ವಯೋಲಾ, ಎರಡು ಚೆಲ್ಲೋ, ಒಂದು ಡಬಲ್ ಬೇಸ್. ತುತ್ತೂರಿ, ಕೊಂಬು, ತಮಟೆಯಂಥವು ಯಾವುದೂ ಇಲ್ಲ. ಕಡಿಮೆಯಾಯಿತು ಅಂತ ಬೇಜಾರಾಗಿದ್ದ ಸಂಗೀತ ನಿರ್ದೇಶಕರಿಗೆ 1960ರ ‘ಸೈಕೋ’ವನ್ನು ನೆನಪಿಸಿದೆ. ಬರ್ನಾರ್ಡ್ ಹರ್ಮನ್ ಆ ಇಡೀ ಚಿತ್ರವನ್ನು ಬರೀ ತಂತಿ ವಾದ್ಯಗಳಲ್ಲಿ ಕಟ್ಟಿದರು. ಸ್ನಾನದ ಕೋಣೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದ ನಿರ್ದೇಶಕ ಹಿಚ್‌ಕಾಕ್, ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಅಲ್ಲಿನ ಇನ್ನೊಂದು ವಿಷಯ ನಮ್ಮ ಉಪಯೋಗಕ್ಕೆ ಬಂತು. ಆ ದೃಶ್ಯ ಬಿಟ್ಟು ಉಳಿದ ಕಡೆಯೆಲ್ಲ ಹರ್ಮನ್ ವಾದ್ಯಗಳಿಗೆ ಮ್ಯೂಟ್ ಹಾಕಿಸಿದ್ದಾರೆ. ಮ್ಯೂಟ್ ಅಂದರೆ ತಂತಿ ಹೊತ್ತಿರುವ, ಕುದುರೆ ಅಂತ ಕರೆಯುವ ಮರದ ಪಟ್ಟಿಗೆ ಸಿಕ್ಕಿಸುವ ಸಣ್ಣ ರಬ್ಬರಿನ ಅಥವಾ ಮರದ ತುಂಡು. ಅದು ಕುದುರೆಯ ಕಂಪನವನ್ನು ತಡೆಯುತ್ತದೆ. ಧ್ವನಿ ಗೋಡೆಯಾಚೆಯಿಂದ ಬಂದ ಹಾಗೆ ಕೇಳುತ್ತದೆ. ನಾವೂ ಹಾಗೇ ಮಾಡೋಣ, ಮಾವನ ಗುಟ್ಟು ಬಯಲಾಗುವ ತನಕ ಮ್ಯೂಟ್ ಇರಲಿ ಅಂತ ತೀರ್ಮಾನಿಸಿದೆವು.

ನಾಲ್ಕು ಗಂಟೆಯಲ್ಲಿ, ಈಗ 41 ನಿಮಿಷಕ್ಕೆ ಇಳಿದಿದ್ದ ಸಂಗೀತಕ್ಕೆ ಬೇಕಾದ ಭಾಗಗಳನ್ನೆಲ್ಲ ಹಿಡಿಯಬೇಕಿತ್ತು. ಕಾಗದ ನೋಡಿದ ಕೂಡಲೇ ನುಡಿಸಬಲ್ಲವರು ಬೇಕು. ಮುಂಬೈಯಲ್ಲಿ ಅಂಥವರು ಸಿಗುತ್ತಾರೆ, ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ನೊಟೇಶನ್ ಓದುವುದನ್ನೂ ವಯಲಿನ್ನನ್ನೂ ಕಲಿಸುತ್ತಿದ್ದರು. ಹಾಗೆ ಕಲಿತು ಬಂದವರೇ ಹಿಂದಿ ಸಿನಿಮಾದ ಆರ್ಕೆಸ್ಟ್ರಾಕ್ಕೆ ಬೆನ್ನೆಲುಬಾದರು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್, ಅರೇಂಜರ್, ಅಂದರೆ ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆದುಕೊಡುವ ಸೆಬಾಸ್ಟಿಯನ್ ಡಿಸೋಜಾ ಅವರಂಥವರು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ವಯಲಿನ್ ಕಲಿತದ್ದು ಗೊನ್ಸಾಲ್ವಿಸ್ ಹತ್ತಿರ.

ನಮ್ಮ ಮೊದಲ ಕುರ್ಚಿಯಲ್ಲಿ, ಅಂದರೆ ವಯಲಿನ್ನಿನವರ ಮುಖ್ಯಸ್ಥರ ಜಾಗದಲ್ಲಿ ಕೂತಿದ್ದವರೂ ಗೋವಾ ಮೂಲದವರು, 70 ದಾಟಿದವರು. ಎಲ್ಲರೂ ಅಂಕಲ್ ಅನ್ನುತ್ತಿದ್ದೆವು. ನಿರ್ದೇಶಕರಿಗೆ ಕೊಂಕಣಿ ಬರುತ್ತಿದ್ದರಿಂದ ಇಬ್ಬರಿಗೂ ಬೇಗ ಹೊಂದಿಕೆಯಾಯಿತು. ಮೊದಲ ಟೇಕ್ ಆದಮೇಲೆ ಅಂಕಲ್ ಕಮಾನು ಕೆಳಗಿಟ್ಟು, ಎಲ್ಲರೂ ಒಟ್ಟಿಗೆ ಶುರು ಮಾಡುವುದು ಬೇಡ ಅಂದರು. ಒಬ್ಬೊಬ್ಬರೇ, ಪಕ್ಕದವರು ಬಂದದ್ದು ಕೇಳಿದ ಮೇಲೆ ಬನ್ನಿ. ಒಬ್ಬರು ಕಮಾನು ತಿರುಗಿಸುವಾಗ ಪಕ್ಕದವರು ತಿರುಗಿಸಬೇಡಿ. ಹಾಗೆ ನುಡಿಸಿದಾಗ ಸ್ವರಕ್ಕೆ ತುದಿಯೂ ಇರಲಿಲ್ಲ, ನಡುವೆ ಗಂಟೂ ಇರಲಿಲ್ಲ. ನಮ್ಮ ಸ್ಯಾಂಪಲ್ಲಿನಲ್ಲಿ ಎಂಟು ವಯಲಿನ್ ಒಂದೇ ಯಂತ್ರದ ಹಾಗೆ ಎದ್ದು ಕೂರುತ್ತಿದ್ದವು. ಇಲ್ಲಿ ಎಂಟು ಜನ ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ತಡಕಾಡಿದ ಹಾಗಿತ್ತು.

ಕೊನೆಯದಾಗಿ ಗುಟ್ಟು ಬಯಲಾಗುವ ದೃಶ್ಯ. ಅಕ್ಕ ಮಾವನ ಅಡುಗೆಮನೆಯಲ್ಲಿ ತಮ್ಮನ ಕೈಗಡಿಯಾರ ನೋಡುತ್ತಾಳೆ. ಅಲ್ಲಿಯ ವೇಗ ನಿಮಿಷಕ್ಕೆ 60 ಬೀಟ್, ಅಂದರೆ ಒಂದು ಬೀಟಿಗೆ ಒಂದು ಸೆಕೆಂಡು, ಸರಿಯಾಗಿ 24 ಫ್ರೇಮು. ಮ್ಯೂಟ್ ಇರುವ ಭಾಗ ಮುಗಿದ ಕೂಡಲೇ ಮುಂದಿನ ಬಾರಿನಲ್ಲಿ (ಬಾರ್ ಅಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಆವರ್ತ) ಮ್ಯೂಟ್ ಇಲ್ಲದ ಜೋರು ಭಾಗ ಶುರು ಅಂತ ಬರೆದಾಗಿತ್ತು. ನಡುವೆ ವಿರಾಮ ಇರಲಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದಲ್ವಾ, ಅದಕ್ಕೆ ಮ್ಯೂಟ್ ತೆಗೆಯಲು ಕೈ ಬೇಕಾಗಿಲ್ಲ.

ಪರದೆ ಮೇಲೆ ದೃಶ್ಯ ಓಡುತ್ತಿತ್ತು, ರಿಹರ್ಸಲ್ ನಡೆಯುತ್ತಿತ್ತು. ಆ ಜಾಗ ಬಂದಾಗ 14 ಜನರೂ ನುಡಿಸುವುದು ನಿಲ್ಲಿಸಿ ಮ್ಯೂಟ್ ತೆಗೆದರು. ಪೂರ್ತಿ ನಾಲ್ಕು ಸೆಕೆಂಡ್. ಪರದೆ ಮೇಲೆ ಅಕ್ಕ ಗಡಿಯಾರವನ್ನು ಕೈಗೆತ್ತಿಕೊಂಡು ನೋಡುತ್ತಾ ನಿಂತಿದ್ದಳು. ರೂಮಿನಲ್ಲಿ ಸದ್ದೇ ಇಲ್ಲ. ಆಮೇಲೆ ತಂತಿಗಳು ಒಮ್ಮೆಗೇ ಹರಿದುಬಂದವು. ಈ ದೃಶ್ಯವನ್ನು ನೂರು ಸಲ ನೋಡಿದ್ದ ನಿರ್ದೇಶಕರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. ಸಂಗೀತ ನಿರ್ದೇಶಕರು ಏನೂ ಮಾತಾಡದೆ ಪೆನ್ಸಿಲ್ ತೆಗೆದು ಅಲ್ಲಿ ಒಂದು ಖಾಲಿ ಬಾರ್ ಸೇರಿಸಿದರು.

ಆಮೇಲೆ

ಎರಡನೇ ಪ್ರದರ್ಶನಕ್ಕೆ ಪೂರ್ತಿ ಹೊಸಬರನ್ನು ಕರೆದೆವು, 19 ಜನ. ಇಂಟರ್‌ವಲ್‌ಗೆ ಮುಂಚೆ ಮಾವನ ಮೇಲೆ ಅನುಮಾನಪಟ್ಟವರು ಮೂವರು. ಮೂವರೂ ಊಟದ ಡಬ್ಬಿಯ ಸುಳಿವಿನಿಂದ ಹಿಡಿದಿದ್ದರು, ಸಂಗೀತದಿಂದ ಅಲ್ಲ. ಅದು ನ್ಯಾಯವಾದ ದಾರಿ. ಬರೆದವರು ಇಟ್ಟ ಸುಳಿವನ್ನು ಅವರು ಓದಿದರು, ಅಷ್ಟೆ.

ಒಂದು ಕಡೆ ನನ್ನ ಅಂದಾಜು ತಪ್ಪಾಯಿತು. ಇಂಟರ್‌ವಲ್ ಬ್ಲಾಕಿನಲ್ಲಿ ಲಿಫ್ಟಿನ ಬಾಗಿಲು ತಾನಾಗಿ ತೆರೆದುಕೊಳ್ಳುವಾಗ ನಿರ್ದೇಶಕರಿಗೆ ದೊಡ್ಡ ಹೊಡೆತ ಬೇಕಿತ್ತು, ಎಲ್ಲ ತಂತಿಗಳೂ ಒಟ್ಟಿಗೆ. ಇಷ್ಟು ಹೊತ್ತು ಮೆಲ್ಲಗೆ ಕಟ್ಟಿದ್ದು ಹಾಳಾಗುತ್ತದೆ ಅಂತ ಜಗಳ ಮಾಡಿದೆ. ಅವರು ಒಪ್ಪಲಿಲ್ಲ. ಹಾಲಿನಲ್ಲಿ ನೋಡಿದರೆ ಜನ ಬೆಚ್ಚಿದರು, ನಕ್ಕರು, ದೀಪ ಹತ್ತಿದ ಮೇಲೆ ಜೋರಾಗಿ ಮಾತಾಡುತ್ತಾ ಚಹಾಕ್ಕೆ ಹೋದರು. ಒಂದು ಗಂಟೆ ಬಿಗಿಯಾಗಿ ಕೂತವರಿಗೆ ಆ ಉಸಿರು ಬೇಕಿತ್ತು. ನಮ್ಮ ಚಿತ್ರಗಳಿಗೆ ಇಂಟರ್‌ವಲ್ ಇದೆ. ಇಂಟರ್‌ವಲ್ ಇಲ್ಲದ ದೇಶದ ಲೆಕ್ಕವನ್ನು ನಾನು ಇಲ್ಲಿ ಹಾಕಿದ್ದೆ.

ಆಮೇಲಿನ ಕೆಲಸಗಳಲ್ಲಿ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಸಂಗೀತ ಎಲ್ಲೆಲ್ಲಿ ಬೇಕು ಅಂತ ಗುರುತು ಹಾಕಲು ಕೂತಾಗ ಪ್ರತಿ ದೃಶ್ಯದ ಮುಂದೆ ಮೂಡ್ ಏನು ಅಂತ ಬರೆಯುವುದಿಲ್ಲ, ಸಂಗೀತ ಯಾರ ಪಕ್ಕ ಇದೆ ಅಂತ ಬರೆಯುತ್ತೇನೆ. ಭಯ, ಆತಂಕ ಅಂತ ಬರೆದರೆ ಎಲ್ಲ ದೃಶ್ಯಕ್ಕೂ ಒಂದೇ ಉತ್ತರ ಬರುತ್ತದೆ. ಪಾತ್ರದ ಹೆಸರು ಬರೆದರೆ ಜಗಳ ಶುರುವಾಗುತ್ತದೆ, ಆ ಜಗಳ ರೆಕಾರ್ಡಿಂಗಿಗೆ ಮುಂಚೆ ಆಗುವುದು ಒಳ್ಳೆಯದು. ಇನ್ನೊಂದು, ಪ್ರದರ್ಶನ ಮುಗಿದ ಮೇಲೆ ಸಂಗೀತ ಹೇಗಿತ್ತು ಅಂತ ಕೇಳುವುದಿಲ್ಲ. ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಅನುಮಾನ ಯಾವಾಗ ಬಂತು ಅಂತ ಕೇಳುತ್ತೇನೆ.

ಚಿತ್ರವನ್ನು ಪ್ರಸಾರಕ್ಕೆ ಕಳಿಸಿದಾಗ ತಾಂತ್ರಿಕ ಪರೀಕ್ಷೆಯಿಂದ ಒಂದು ಪಟ್ಟಿ ವಾಪಸು ಬಂತು. ಅದರಲ್ಲಿ ಕೈಗಡಿಯಾರದ ದೃಶ್ಯದ ಸಮಯ ಬರೆದು, ಇಲ್ಲಿ ನಾಲ್ಕು ಸೆಕೆಂಡ್ ಧ್ವನಿ ಹೋಗಿದೆ, ಸರಿಪಡಿಸಿ ಅಂತ ಇತ್ತು. ಸಂಗೀತ ನಿರ್ದೇಶಕರು ಗಾಬರಿಯಾಗಿ ಫೋನ್ ಮಾಡಿದರು, ಅಲ್ಲಿ ಏನಾದರೂ ತುಂಬಿಸಬೇಕಾ ಅಂತ. ನಿರ್ದೇಶಕರ ಜೊತೆ ಕೂತು ಮತ್ತೊಮ್ಮೆ ಕೇಳಿದೆವು. ಕೊನೆಗೆ ಆ ನಾಲ್ಕು ಸೆಕೆಂಡಿನ ಕೆಳಗೆ ಟ್ಯೂಬ್‌ಲೈಟಿನ ಗುಂಯ್ ಸದ್ದನ್ನು ಮಾತ್ರ ಇಟ್ಟು, ಚೆಲ್ಲೋ ಇಲ್ಲದೆ, ವಾಪಸು ಕಳಿಸಿದೆವು. ಪಟ್ಟಿಯ ಆ ಸಾಲಿನ ಮುಂದೆ ನಿರ್ದೇಶಕರು ಬರೆದದ್ದು ಇಷ್ಟು: ಧ್ವನಿ ಹೋಗಿಲ್ಲ, ಇಲ್ಲಿ ಹದಿನಾಲ್ಕು ಜನ ಮ್ಯೂಟ್ ತೆಗೆಯುತ್ತಿದ್ದಾರೆ.